ಮಾವನಿಗೆ ಹೇಳದ ಸುದ್ದಿ

ಅವ್ವ ತೀರಿಕೊಂಡ ಮೇಲೆ ಅವಳ ಟ್ರಂಕು ತೆರೆದಾಗಲೆಲ್ಲ ನುಸಿಗುಳಿಗೆಯ ವಾಸನೆಯೊಂದಿಗೆ ಶಹರದ ಲಗ್ಗೆರೆಯ ಬಾಡಿಗೆ ಕೋಣೆಯ ಒಂದು ಭಾನುವಾರ ಮಧ್ಯಾಹ್ನ ನೆನಪಾಗುತ್ತದೆ.

ನಾನಾಗ ಆರನೇ ತರಗತಿಯಲ್ಲಿದ್ದೆ. ಕೆಲವು ವಾರಗಳಿಂದ ಅವ್ವ ನನ್ನ ಚಡ್ಡಿಗಳನ್ನು ಬೆಳಕಿಗೆ ಹಿಡಿದು ನೋಡಿಯೇ ಒಗೆಯುತ್ತಿದ್ದಳು. "ಎದಿ ನೋಯ್ತದೇನ? ಹೊಟ್ಟಿ ಹಿಂಡ್ತದೇನ?" ಎಂದು ಕೇಳುತ್ತಿದ್ದಳು. ಗಾರ್ಮೆಂಟ್ಸ್ ಕೆಲಸದಿಂದ ಬಂದವಳು ಏನನ್ನೋ ಹೊಲಿಯುತ್ತಿದ್ದಳು, ನಾನು ಹತ್ತಿರ ಹೋದರೆ ಸೆರಗಿನಲ್ಲಿ ಮುಚ್ಚುತ್ತಿದ್ದಳು. ನನ್ನನ್ನು ಊರಿಗೆ ಕಳಿಸುವ ತಯಾರಿ ಅದು ಎಂದು ನನಗೆ ಅನುಮಾನ. ದೊಡ್ಡಪ್ಪನ ಮಗಳು ಶಾಂತಕ್ಕ ಹಾಗೆ ಊರಿಗೆ ಹೋದವಳು ಶಾಲೆಗೆ ಮರಳಿರಲಿಲ್ಲ.

ಆ ದಿನ ಅವ್ವ ನೀರು ತರಲು ಕೆಳಗೆ ಇಳಿದಾಗ ಟ್ರಂಕು ತೆರೆದೆ. ಅವ್ವ ಮುಚ್ಚಿಟ್ಟು ಹೊಲಿಯುತ್ತಿದ್ದ ಮೆತ್ತನೆಯ ಬಟ್ಟೆಚೀಲವೊಂದಿತ್ತು. ಅದರಲ್ಲಿ ಹೊಸ ಚಡ್ಡಿ, ಎರಡು ಪ್ಯಾಡು, ಬಳಸಿದ್ದನ್ನು ಸುತ್ತಿ ಎಸೆಯಲು ಮಡಚಿದ ಹಳೆ ಪೇಪರು.

"ಕಳ್ಳಿ, ಸಿಕ್ಕಿ ನೋಡು!" ಅವ್ವ ಬಾಗಿಲಲ್ಲಿದ್ದಳು.

"ನನ್ನ ಊರಿಗೆ ಕಳಸ್ತಿ, ಹೌದಿಲ್ಲೋ?"

ಅವಳು ಕೊಡ ಇಳಿಸಿ, ಪ್ಯಾಡು ಬಿಚ್ಚಿ ಚಡ್ಡಿಗೆ ಅಂಟಿಸಿ ತೋರಿಸಿದಳು. "ರಕ್ತ ಕಂಡ್ರ ಅಂಜಬ್ಯಾಡ. ಹಿಂಗ ಹಚ್ಕೋ. ಸಾಲ್ಯಾಗಾದ್ರ ಟೀಚರಿಗೆ ಹೇಳು."

"ಮಾವಗ?"

ನಮ್ಮೂರಲ್ಲಿ ಹುಡುಗಿ ದೊಡ್ಡವಳಾದರೆ ಮೊದಲ ಸುದ್ದಿ ಸೋದರಮಾವನಿಗೆ. ಆರತಿ ಮಾಡಿದ ದಿನವೇ ಲಗ್ನದ ಮಾತೂ ಏಳುತ್ತಿತ್ತು.

ಅವ್ವ ಎದ್ದು ಬಾಗಿಲ ಚಿಲಕ ಹಾಕಿದಳು.

"ಅವಗ ನಾ ಹೇಳೂದಿಲ್ಲ, ನೀನೂ ಹೇಳಬ್ಯಾಡ. ನನ್ನ ಸಾಲಿನೂ ಹಿಂಗ ಆರನೇತ್ತ್ಯಾಗ ಬಿಡಿಸಿದ್ರು."

ಆಮೇಲೆ ಆ ಚೀಲವನ್ನು ನನ್ನ ಪಾಟಿಚೀಲದ ತಳಕ್ಕೆ ತುರುಕಿ, ಮೇಲೆ ಗಣಿತದ ಪುಸ್ತಕ ಇಟ್ಟಳು.