ಬ್ಯಾಗಿಗೆ ಹೋದ ಬೊಂಬೆ

ಆ ಹುಡುಗಿ ಬೊಂಬೆಯನ್ನು ಬ್ಯಾಗಿಗೆ ಹಾಕಿಕೊಂಡದ್ದನ್ನು ಲಕ್ಷ್ಮಯ್ಯ ಕಣ್ಣಾರೆ ಕಂಡ.

ಲೇತಿನ ಸ್ವಿಚ್ಚು ಆರಿಸಿದ. ಬುಗುರಿಗೆ ಬಣ್ಣ ಹಿಡಿಸುವ ಅರಗಿನ ಕಡ್ಡಿ ಇನ್ನೂ ಕೈಯಲ್ಲೇ ಇತ್ತು. ಎಪ್ಪತ್ತರ ಹತ್ತಿರ ಬಂದು ಕಿವಿ ಮಂದವಾಗಿತ್ತೇ ಹೊರತು ದೂರದ ನೋಟ ಮುಕ್ಕಾಗಿರಲಿಲ್ಲ. ಬುಗುರಿಯಿಂದ ತಲೆ ಎತ್ತುವ ಹೊತ್ತಿಗೆ, ಆ ಕಡೆಯ ಬೀರುವಿನ ಮುಂದೆ ನಿಂತಿದ್ದವಳು ಕೆಂಪು ಟೋಪಿಯ ಬೊಂಬೆಯೊಂದನ್ನು ಗಬಕ್ಕನೆ ಒಳಗೆ ತುರುಕಿ ಜಿಪ್ಪು ಎಳೆದಿದ್ದಳು. ಮುಖ ಬಿಳಿಚಿಕೊಂಡಿತ್ತು.

ಕದ್ದವರ ಮುಖ ಹಾಗೇ ಬಿಳಿಚುವುದು ಎಂದುಕೊಂಡ ಲಕ್ಷ್ಮಯ್ಯನಿಗೆ ಅಂಗಾಲಿನಿಂದ ನೆತ್ತಿಗೆ ಸಿಟ್ಟು ಏರಿತು.

"ಮನೋಹರಪ್ಪ! ಒಸಿ ಬಾಗ್ಲು ಹಾಕು!"

ಚನ್ನಪಟ್ಟಣದ ಹೆದ್ದಾರಿಯ ಪಕ್ಕದ ಆ ಅಂಗಡಿ ಮನೋಹರನದು. ಗಿರಾಕಿಗಳಿಗೆ ಕಾಣುವಂತೆ ಬಾಗಿಲ ಬಳಿ ಕೂತು ಬುಗುರಿ ಕಡೆಯುವುದು ಮೂರು ವರ್ಷದಿಂದ ಲಕ್ಷ್ಮಯ್ಯನ ಕೆಲಸ. ಬಂದವರು ನಿಂತು ನೋಡುತ್ತಾರೆ, ಫೋಟೋ ಹಿಡಿಯುತ್ತಾರೆ, ಒಳಗೆ ಹೋಗಿ ಕೊಳ್ಳುತ್ತಾರೆ. ಹುಡುಗಿಯ ಜೊತೆ ಬಂದಿದ್ದ ಮೂವರೂ ಹಾಗೇ ನಿಂತು ನೋಡಿದ್ದರು. ಅವಳಂತೂ ಲೇತಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅವನ ಬೆರಳುಗಳನ್ನೇ ದಿಟ್ಟಿಸಿದ್ದಳು. ಅದೆಲ್ಲ ನಾಟಕ ಎಂದು ಈಗ ಅನ್ನಿಸಿತು.

ಮನೋಹರ್ ಗಾಜಿನ ಬಾಗಿಲಿಗೆ ಅಡ್ಡ ನಿಂತ. "ಬ್ಯಾಗ್ ತೆಗಿಯಮ್ಮ."

ಹುಡುಗಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಕನ್ನಡ ಬಾರದು. ವಿಯೆಟ್ನಾಮಿನವಳು, ಹೆಸರು ಲಿನ್. ಅವಳ ಕಾಲೇಜು ಆರು ತಿಂಗಳ ಓದಿಗೆಂದು ಬೆಂಗಳೂರಿಗೆ ಕಳಿಸಿತ್ತು. ಇವಳ ಬದಲಿಗೆ ಇಲ್ಲಿಯವನೊಬ್ಬ ಅಲ್ಲಿಗೆ ಹೋಗಿದ್ದ. ಮೈಸೂರು ತೋರಿಸಲು ಬೆಳಗ್ಗೆ ಕಾರು ಮಾಡಿಕೊಂಡು ಹೊರಟ ಗೆಳತಿಯರನ್ನು ಚನ್ನಪಟ್ಟಣದಲ್ಲಿ ಇಳಿಸಿದವಳು ಅವಳೇ. ಅರಮನೆಗಿಂತ ಮೊದಲು ಬೊಂಬೆ ಮಾಡುವವರನ್ನು ನೋಡಬೇಕೆಂದು ಹಠ ಹಿಡಿದಿದ್ದಳಂತೆ.

ಇದನ್ನೆಲ್ಲ ಕೂಗಿ ಹೇಳಿದವಳು ಭಾನುಪ್ರಿಯ, ಕೋಡಿಹಳ್ಳಿಯ ಹುಡುಗಿ, ಲಿನ್ಳ ಸಹಪಾಠಿ. "ಊರು ನೋಡಕ್ ಬಂದವ್ಳ್ನ ಕಳ್ಳಿ ಅಂತೀರೇನ್ರೀ?"

"ನೋಡಕ್ ಬಂದೋರು ನೋಡ್ಕಂಡ್ ಹೋಗ್ಬೇಕು, ಎತ್ಕಂಡ್ ಹೋಗ್ಬಾರ್ದು," ಎಂದ ಮನೋಹರ್.

"ಎತ್ಕಂಡಿದ್ದು ಯಾರ್ ನೋಡಿದ್ದು?"

"ನಾನು ಕಣವ್ವ." ಲಕ್ಷ್ಮಯ್ಯ ಮೊಣಕಾಲಿಗೆ ಕೈ ಕೊಟ್ಟು ಎದ್ದ. "ಈ ಎರಡು ಕಣ್ಣಲ್ಲಿ ನೋಡಿವ್ನಿ."

"ಬಾಗ್ಲಲ್ ಕೂತ್ಕಂಡು ಅಲ್ಲಿಗಂಟ ಕಾಣ್ತದಾ ನಿಮ್ಗೆ? ವಯಸ್ಸಾಯ್ತು ತಾತ, ಒಸಿ ನೋಡ್ಕಂಡ್ ಮಾತಾಡಿ."

"ವಯಸ್ಸು ನಂಗಾಗೈತೆ, ಕಣ್ಣಿಗಲ್ಲ!" ಅವನ ಧ್ವನಿ ಸೀಳಿತು. "ನಿಮ್ಗೇನವ್ವ, ಆಟದ ಸಾಮಾನು. ಒಬ್ಬ ಮರ ಕೊಯ್ದವ್ನೆ, ಒಬ್ಬ ಕಡ್ದವ್ನೆ. ಕಣ್ಣು ಮೂಗು ಬರ್ದೋಳು ಯಾವ್ ಮನೆ ಹೆಂಗ್ಸೋ, ಬಗ್ಗಿ ಬಗ್ಗಿ ಬೆನ್ನು ಸತ್ತೋಗಿರ್ತದೆ. ಅವಳ ಹೊಟ್ಟೆ ಮ್ಯಾಲ್ ಹೊಡ್ಯಕ್ಕೆ ದೇಶ ಬಿಟ್ಟು ಬರ್ಬೇಕಾಗಿತ್ತಾ ಇವ್ಳು?"

ಆ ಹೆಂಗಸು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ. ಊರಿನ ಕಸುಬೇ ಹಾಗೆ: ಚಕ್ರ ಒಂದು ಮನೆಯಲ್ಲಿ, ತಲೆ ಇನ್ನೊಂದು ಮನೆಯಲ್ಲಿ, ಬಣ್ಣ ಮತ್ತೊಂದು ಬೀದಿಯಲ್ಲಿ. ಯಾರ ಕೈಯದೆಂದು ಯಾರೂ ಕೇಳುವುದಿಲ್ಲ. ಬೀರುವಿನ ಬೊಂಬೆಗಳು ಮುಚ್ಚಿದ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಕೆಳಗಿನ ಬೀದಿಯವು ಎಂದಿದ್ದ ಮನೋಹರ್. ಲಕ್ಷ್ಮಯ್ಯ ಅವನ್ನು ಮುಟ್ಟಿದವನೂ ಅಲ್ಲ. ಆದರೆ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ, ಎಲ್ಲಾ ನಮ್ಮೂರ ಕೈಕೆಲಸ ಎಂದು.

ಭಾನುಪ್ರಿಯ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಲಿನ್ ಮೆಲ್ಲಗೆ ಜಿಪ್ಪು ತೆಗೆದಳು. ಬೊಂಬೆ ಹೊರಗೆ ಬಂತು.

"ಈಗೇನಂತೀಯವ್ವ?" ಎಂದ ಲಕ್ಷ್ಮಯ್ಯ. ಗೆಳತಿಯರು ಮೂವರೂ ತಲೆ ತಗ್ಗಿಸಿದರು.

ಲಿನ್ ತಗ್ಗಿಸಲಿಲ್ಲ. ನೆಟ್ಟಗೆ ಬೀರುವಿಗೆ ಹೋಗಿ ಅಂಥದೇ ಇನ್ನೊಂದು ಬೊಂಬೆ ಎತ್ತಿಕೊಂಡು ಬಂದಳು. ಎರಡನ್ನೂ ಗಲ್ಲಾಪೆಟ್ಟಿಗೆಯ ಮೇಲೆ ಕುಕ್ಕಿ, ಮನೋಹರನ ಮುಖಕ್ಕೆ ಬೆರಳು ತೋರಿಸಿ, ತನ್ನ ಭಾಷೆಯಲ್ಲೇ ಬಡಬಡ ಬೈಯತೊಡಗಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಮನೋಹರ್ ಒಮ್ಮೆಗೇ ಮೆತ್ತಗಾದ. "ಹೋಗ್ಲಿ ಬಿಡಿ. ಸಣ್ಣುಡ್ಗಿ. ಅದನ್ನೂ ತಗಂಡೋಗ್ಲಿ, ಕಾಸೇನೂ ಬ್ಯಾಡ. ಹೊರಡಿ, ಮೈಸೂರಿಗೆ ಹೊತ್ತಾಯ್ತದೆ."

ಲಕ್ಷ್ಮಯ್ಯನ ಮೈ ಉರಿದುಹೋಯಿತು. "ಏನಪ್ಪಾ ಹಿಂಗಂತೀಯ? ಬಿಳೀ ಚರ್ಮ ಅಂತ ಬಿಟ್ಬುಡ್ತೀಯಾ? ನಮ್ಮೂರ ಹೈಕ್ಳು ಎತ್ತಿದ್ರೆ ಕಂಬಕ್ಕೆ ಕಟ್ತಿದ್ದೆ. ಪೊಲೀಸ್ನೋರ್ನ ಕರಿ!"

"ಸುಮ್ನಿರು ಲಕ್ಷ್ಮಯ್ಯಣ್ಣ, ನಿಂಗೊತ್ತಾಗಕಿಲ್ಲ."

"ಕರಿ ಅಂದ್ರೆ ಕರಿ! ನಾನೇ ಸಾಕ್ಷಿ ಹೇಳ್ತೀನಿ!"

ಲಿನ್ ಫೋನು ತೆಗೆದು, ಯಾವುದೋ ಫೋಟೋ ಹುಡುಕಿ, ಮುದುಕನ ಮುಂದೆ ಹಿಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ಬಿಕ್ಕುತ್ತ, ಒಂದೊಂದೇ ಮಾತು ಹೇಳಿದಳು. ಕೇಳುತ್ತ ಕೇಳುತ್ತ ಭಾನುಪ್ರಿಯಳ ಮುಖ ಕೆಂಪಾಯಿತು. ಅವಳು ನೋಡಿದ್ದು ಲಿನ್ಳನ್ನಲ್ಲ, ಮನೋಹರನನ್ನು.

"ಬ್ಯಾಗಲ್ಲಿದ್ದ ಬೊಂಬೆ ಅವಳು ಮನೆಯಿಂದ ತಂದಿದ್ದಂತೆ ತಾತ. ಇಲ್ಲಿ ಬೊಂಬೆ ಮಾಡೋರ್ಗೆ ತೋರ್ಸೋಣ ಅಂತ ಬ್ಯಾಗಲ್ಲಿ ಮಡಗಿದ್ಲಂತೆ. ಬೀರುನಲ್ಲೂ ಅಂಥದೇ ಇರೋದ್ ನೋಡಿ ಗಾಬ್ರಿಯಾಗಿ, ಒಂದಕ್ಕೊಂದು ಪಕ್ಕ ಹಿಡ್ದು ನೋಡಿ, ವಾಪಸ್ ಹಾಕ್ಕಂಡ್ಳಂತೆ. ನೀವು ಕಂಡಿದ್ದು ಅಷ್ಟೇಯ."

ಲಕ್ಷ್ಮಯ್ಯ ಫೋನನ್ನು ದೂರ ಹಿಡಿದು ಕಣ್ಣು ಕಿರಿದು ಮಾಡಿದ. ತಗಡಿನ ಮಾಡಿನ ಕಾರ್ಖಾನೆ. ಬೆಂಚಿನ ಮೇಲೆ ಬೆನ್ನು ಬಗ್ಗಿಸಿ ಕೂತ ಹೆಂಗಸು. ಕೈಯಲ್ಲಿ ಕುಂಚ. ಅವಳ ಮುಂದೆ ಕೆಂಪು ಟೋಪಿಗಳು, ಸಾಲು ಸಾಲು, ನೂರಾರು.

"ಅವರೂರ ಕಾರ್ಖಾನೆ ತಾತ. ಅದು ಅವರಮ್ಮ," ಎಂದಳು ಭಾನುಪ್ರಿಯ.