ಸವೆದ ಹರಳು

"ನಮ್ಮವ್ವಗ ಏನು ಹಾಕಿ ಕೊಟ್ಟಿ? ಖರೇ ಹೇಳು."

ಕೊಟ್ರಬಸಪ್ಪ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದ. ಹೆಂಡತಿ ಶಿವಲೀಲಾ ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ. ಅವನಿಗೆ ಅದೂ ಸೊಕ್ಕಾಗಿ ಕಂಡಿತು.

"ಅನ್ನ ಸಾರು ಕೊಟ್ಟೀನ್ರಿ. ನೀವು ಉಂಡಿದ್ದ, ನಾ ಉಂಡಿದ್ದ."

"ಅದನ್ನ ನಾ ಕೇಳಾಕ ಹತ್ತಿದ್ದು. ಅದೇ ಸಾರು ಉಂಡು ಅವ್ವ ಸಾಯಾಕ ಹತ್ಯಾಳ. ನನ್ನ ಹೊಟ್ಟಿ ಸುಡಾಕ ಹತ್ತೈತಿ. ನೀ ಒಬ್ಬಾಕಿ ಹೆಂಗ ಗುಂಡುಕಲ್ಲಿನಂಗ ಅದಿ?"

ಮಾತಿಗಿಂತ ಮೊದಲು ಕೈ ಎತ್ತುವ ಮನುಷ್ಯ ಅವನು. ಅವತ್ತು ಎತ್ತಲಿಲ್ಲ. ಅವನ ಹತ್ತಿರ ಆಧಾರವಿತ್ತು. ಬೆಳಿಗ್ಗೆ ಗಂಗಾವತಿಯ ಡಾಕ್ಟರು ಅವ್ವನ ರಕ್ತಪರೀಕ್ಷೆ ನೋಡಿ ಹೇಳಿದ್ದರು: ಅಂಗೈಯ ಕಪ್ಪು ಚುಕ್ಕೆ, ದಪ್ಪಗಾದ ಅಂಗಾಲು ವಯಸ್ಸಿನದಲ್ಲ, ಮೈಯಲ್ಲಿ ಪಾಷಾಣ ಸೇರಿದೆ. ಒಮ್ಮೆಲೇ ಅಲ್ಲ, ದಿನವೂ ಚೂರುಚೂರು. ಮನೆಯಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಕೇಳಿದ್ದರು. ಇಲ್ಲ ಎಂದು ಬಂದಿದ್ದ. ಮನೆತನದ ಮಾನ ದವಾಖಾನೆಯಲ್ಲಿ ಹರಾಜಾಗುವುದು ಅವನಿಗೆ ಬೇಕಿರಲಿಲ್ಲ.

ಅಂಥದ್ದು ಮನೆಯಲ್ಲಿ ಇತ್ತು. ಊರಿನ ಬೇರೆ ಅಕ್ಕಿ ಗಿರಣಿ ಸಾಹುಕಾರರಿಗೆ ಕಾರಿನ ಹುಚ್ಚಾದರೆ, ಕೊಟ್ರಬಸಪ್ಪನಿಗೆ ಹರಳಿನ ಹುಚ್ಚು. ಗಾಜಿನ ಕಪಾಟು ತುಂಬ ಕಲ್ಲುಗಳು. ಅವುಗಳಲ್ಲೆಲ್ಲ ದೊಡ್ಡದು ಹರದಾಳ. ಮಣ್ಣಿನ ಹೆಂಟೆಯಂತೆ ಸಿಗುವ, ಪಾಷಾಣದ ಅಂಶವಿರುವ ಈ ಹಳದಿ ಕಲ್ಲು, ಬೆಳಕು ಹಾಯುವಂಥ ಹರಳಾಗಿ ಸಿಗುವುದು ಅಪರೂಪದಲ್ಲಿ ಅಪರೂಪ. ಕೊಡುವಾಗ ಹರಳಿನ ವ್ಯಾಪಾರಿ ಮೆಹಬೂಬಸಾಬ ಮುಚ್ಚುಮರೆ ಮಾಡಿರಲಿಲ್ಲ.

"ಸಾವ್ಕಾರ, ಇದನ್ನ ಡಬ್ಬ್ಯಾಗ ಇಟ್ಟು ನೋಡ್ರಿ, ಸಾಕು. ಉಗುರು ತಾಗಿದ್ರೂ ಸವಿತೈತಿ. ಸವದಿದ್ದು ವಿಷ."

ಡಬ್ಬಿಯಲ್ಲಿದ್ದರೆ ಯಾರು ನೋಡಬೇಕು? ಉಳಿದ ಸಾಹುಕಾರರ ಪುಷ್ಯರಾಗ ಬೆರಳಲ್ಲಿ ಮಿಂಚುತ್ತಿರುವಾಗ, ಕೊಪ್ಪಳ ಜಿಲ್ಲೆಗೇ ಒಂದು ಎನ್ನುವಂಥ ಹರಳು ಕಪಾಟಿನಲ್ಲಿ ಕೊಳೆಯಬೇಕೇ? ಬಲಗೈ ತೋರುಬೆರಳಿಗೆ ಉಂಗುರ ಮಾಡಿಸಿಕೊಂಡ. ಹರಳು ಹಾಳಾಗದಿರಲೆಂದು ಸ್ನಾನಕ್ಕೆ ಹೋಗುವಾಗ ಬಿಚ್ಚಿ ದೇವರ ಜಗಲಿಯ ಮೇಲಿಡುತ್ತಿದ್ದ.

ಈಗ ನೋಡಿದರೆ ಹರಳಿನ ಹೊಟ್ಟೆ ಒಳಗೆ ಇಳಿದಿತ್ತು. ಚಿನ್ನದ ಅಂಚು ಮೇಲೆ, ಕಲ್ಲು ಕೆಳಗೆ. ಯಾರೋ ಕೆರೆದಿದ್ದಾರೆ. ಅವನು ಸ್ನಾನಕ್ಕೆ ಹೋದಾಗ ಮನೆಯಲ್ಲಿ ಓಡಾಡುವವಳು ಒಬ್ಬಳೇ.

ಅವ್ವ ವಿರೂಪಾಕ್ಷಮ್ಮ ಲಕ್ವಾ ಹೊಡೆದು ಹಾಸಿಗೆ ಹಿಡಿದ ಮೇಲೆ ಹೇಲು ಉಚ್ಚೆ ಬಳಿದವಳು ಶಿವಲೀಲಾ. "ಆಕಿಗೂ ಬಿಡುಗಡಿ ಆಗಲಿ, ನನಗೂ ಆಗಲಿ" ಎಂದು ಒಮ್ಮೆ ಬಚ್ಚಲಲ್ಲಿ ಗೊಣಗಿದ್ದಳು. ಕೊಟ್ರಬಸಪ್ಪ ಅದನ್ನು ಕೇಳಿಸಿಕೊಂಡಿದ್ದ, ಮರೆತಿರಲಿಲ್ಲ.

"ಇವತ್ತಿಂದ ಅವ್ವನ ಗಂಗಾಳ ಮುಟ್ಟಬ್ಯಾಡ," ಎಂದ. "ರಾತ್ರಿ ಊಟ ಹೆಂಗ ಉಣ್ಣಸ್ತೀನೋ ಹಂಗ ಮೂರೂ ಹೊತ್ತು ನಾನೇ ಉಣ್ಣಸ್ತೀನಿ."

"ನನ್ನ ಕೈಯಾಗಿಂದು ವಿಷ, ನಿಮ್ಮ ಕೈಯಾಗಿಂದು ಅಮೃತ ಏನ್ರಿ?"

"ಹೌದು. ನಾ ಆಕಿ ಹೊಟ್ಟ್ಯಾಗ ಹುಟ್ಟಿದಾಂವ."

ಶಿವಲೀಲಾ ಸೌಟು ಇಟ್ಟಳು. ಅತ್ತೆಯ ಕೋಣೆಗೆ ಹೋಗಿ ಬಾಯಿ ಒರೆಸಿ, ಹಾಸಿಗೆಯ ಮುದುರು ಸರಿಮಾಡಿದಳು. ಒಂದು ಚೀಲ ಹಿಡಿದು ಅಂಗಳ ದಾಟಿದಳು. ತವರೂರು ಎಷ್ಟು ದೂರ, ಸಿಟ್ಟಿಳಿದರೆ ಬರುತ್ತಾಳೆ ಎಂದುಕೊಂಡ. ಬರಲಿಲ್ಲ. ಫೋನು ಮಾಡಿದರೆ ಅವಳ ಅಣ್ಣ ಎತ್ತಿ, ಆಕಿ ಇನ್ನು ಬರೂದಿಲ್ಲ ಎಂದಷ್ಟೇ ಹೇಳಿ ಇಟ್ಟ.

ಬರದಿದ್ದರೆ ಬಿಡಲಿ. ಕೊಟ್ರಬಸಪ್ಪ ಗಿರಣಿಗೆ ಹೋಗುವುದನ್ನೂ ಬಿಟ್ಟ. ಅಡುಗೆಯವಳನ್ನು ಇಟ್ಟುಕೊಳ್ಳಲಿಲ್ಲ, ಹೋಟೆಲಿನದು ತರಿಸಲಿಲ್ಲ. ತಾನೇ ಹಾಲು ಕಾಸಿದ, ತಾನೇ ಅನ್ನ ಬೇಯಿಸಿದ. ಉಪ್ಪಿಲ್ಲ, ಖಾರವಿಲ್ಲ, ಬರೀ ಹಾಲು ಮತ್ತು ಅನ್ನ. ಅವ್ವನನ್ನು ಗೋಡೆಗೆ ಆನಿಸಿ ಕೂರಿಸಿ, ಬಿಸಿಬಿಸಿ ಇರುವಾಗಲೇ ಅಗುಳು ಸಿಗದಂತೆ ಕಿವುಚಿ, ತುತ್ತು ತುತ್ತಾಗಿ ನಾಲಿಗೆಯ ಮೇಲೆ ಇಡುತ್ತಿದ್ದ. ಬೆರಳಿಗೆ ಅಂಟಿದ್ದನ್ನೂ ಅವಳು ಚೀಪುತ್ತಿದ್ದಳು. ಅವನ ಕಣ್ಣು ಗಂಗಾಳದ ಮೇಲಿರುತ್ತಿರಲಿಲ್ಲ, ಅವಳ ಮುಖದ ಮೇಲಿರುತ್ತಿತ್ತು. ಇಷ್ಟು ಮಾಡುವ ಮಗ ಓಣಿಯಲ್ಲಿ ಇನ್ನೊಬ್ಬನಿಲ್ಲ ಎಂದು ಮಂದಿ ಅಂದಾಗ ಎದೆ ತುಂಬಿ ಬರುತ್ತಿತ್ತು.

ಈಗ ಜಗಲಿಯ ಮೇಲೆ ಏನೂ ಇರಲಿಲ್ಲ, ಉಂಗುರ ಹಗಲೂ ರಾತ್ರಿ ಅವನ ಬೆರಳಲ್ಲೇ ಇರುತ್ತಿತ್ತು. ಕೆರೆಯುವ ಕೈಯೂ ಮನೆಯಲ್ಲಿರಲಿಲ್ಲ. ಆದರೂ ಅವ್ವ ಇಳಿಯುತ್ತಲೇ ಹೋದಳು. ಕೂದಲು ದಿಂಬಿಗೆ ಅಂಟಿ ಬಂತು. ಮೂತ್ರ ಕಟ್ಟಿತು. ಡಾಕ್ಟರು ಈ ಸಲ ಚೀಟಿ ಬರೆಯಲಿಲ್ಲ. ಕಿಡ್ನಿ ಹೋಗಿವೆ, ಮನೆಗೆ ಕರಕೊಂಡು ಹೋಗಿ ಬಾಯಿಗೆ ರುಚಿಯಾದದ್ದು ಕೊಡಿ ಎಂದರು. ಆ ಹೆಂಗಸು ಹಾಕಿದ ಹಳೇ ವಿಷ ಇನ್ನೂ ಕೆಲಸ ಮಾಡುತ್ತಿದೆ ಎಂದು ಕೊಟ್ರಬಸಪ್ಪ ದಾರಿಯುದ್ದಕ್ಕೂ ಶಿವಲೀಲಾಳ ಏಳು ತಲೆಮಾರು ಬೈದ. ಮನೆಗೆ ಬಂದು ಕೈ ತೊಳೆದು, ಹಾಲು ಕಾಸಿ, ಅನ್ನ ಕಿವುಚಿ ಎದುರಿಗೆ ಕೂತ.

ಅವ್ವ ಒಂದು ತುತ್ತು ನುಂಗಿ, ಗಂಗಾಳವನ್ನೇ ನೋಡುತ್ತ, ಸೊಟ್ಟ ಬಾಯಿಯಲ್ಲಿ ತೊದಲಿದಳು: "ಕೊಟ್ರಾ, ಹಾಲನ್ನಕ್ಕ ದಿನಾ ಯಾಕ ಅರಿಷಿಣ ಹಾಕ್ತೀಯಪ್ಪಾ?"