ಮಗುವಿಗಿಂತ ಕುಳ್ಳಗಿನ ನಾಯಿ

ನೆಲದಿಂದ ವಿಷಗಾಳಿ ಏಳತೊಡಗಿದ ಮೇಲೆ ಊರಿನಲ್ಲಿ ಟೆರಿಯರ್ ನಾಯಿ ಇಲ್ಲದ ಮನೆಯಿಲ್ಲ. ಗಾಳಿ ನೀರಿನಂತೆ ಮೆಲ್ಲಗೆ ಏರುತ್ತದೆ. ಅದು ಮೂಗಿಗೆ ತಾಗಿದ ಕೂಡಲೇ ನಾಯಿ ಬೊಗಳುತ್ತದೆ, ಮನೆಯವರು ಅಟ್ಟ ಹತ್ತುತ್ತಾರೆ.

ತಿಪ್ಪೇಶ ತನ್ನ ಬಸುರಿ ಹೆಂಡತಿ ಜಲಜಳೊಂದಿಗೆ ನಾಯಿ ಅಂಗಡಿಗೆ ಬಂದಿದ್ದ.

"ಕುಳ್ಳಗಿರೋದೇ ಬೇಕು," ಎಂದಳು ಜಲಜ.

"ಹಾಗಾದ್ರೆ ಸ್ಕಾಟಿ ತಗೊಳ್ಳಿ ಅಕ್ಕಾ," ಅಂಗಡಿಯ ಯೂಸುಫ್ ಮೋಟುಗಾಲಿನ ಕಪ್ಪು ನಾಯಿಯೊಂದನ್ನು ಹೊರಗೆ ಬಿಟ್ಟ. "ಯಾವಾಗ್ಲೂ ನೆಲ ಮೂಸ್ತಾನೇ ಓಡಾಡುತ್ತೆ."

ಜಲಜ ಕಷ್ಟಪಟ್ಟು ನೆಲಕ್ಕೆ ಕೂತು, ಅಂಬೆಗಾಲಿಡುವ ಮಗುವಿನ ಮುಖ ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟಕ್ಕೆ ಅಂಗೈ ಹಿಡಿದಳು. ಆ ಎತ್ತರ ಅವಳ ಕೈಗೆ ಗೊತ್ತಿತ್ತು. ನಾಯಿಯ ಮೂಗು ಅಂಗೈಗಿಂತ ಕೆಳಗೇ ಇತ್ತು.

"ಇದೇ ಇರ್ಲಿ," ಎಂದಳು.

ಸರಪಳಿ ಕಟ್ಟುವಾಗ ಯೂಸುಫ್‌ಗೆ ತಿಪ್ಪೇಶನ ಗುರುತು ಹತ್ತಿತು. "ಅಣ್ಣಾ, ಹೋದ ವರ್ಷ ಏರ್‌ಡೇಲ್ ನಾಯಿ ತಗೊಂಡೋಗಿದ್ರಲ್ವಾ? ಒಳ್ಳೆ ಎತ್ತರ ಇದೆ, ರಾಜನ ಥರ ಕಾಣುತ್ತೆ ಅಂತ ನೀವೇ ಆರಿಸಿದ್ರಿ. ಹೇಗಿದೆ ಅದು?"

ತಿಪ್ಪೇಶ ಜಲಜಳ ಕಡೆ ನೋಡಲಿಲ್ಲ.

"ನಾಯಿಗೇನೂ ಆಗ್ಲಿಲ್ಲ," ಎಂದ.